ಘಟ್ಟದಲ್ಲಿ ಬೈಕ್ ಕೆಟ್ಟು ನಿಂತರೆ: ಉತ್ತರ ಕನ್ನಡದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಿಂದ ಕುಮಟಾಕ್ಕೆ, ಅಲ್ಲಿಂದ ಕಾರವಾರಕ್ಕೆ ಬೈಕಿನಲ್ಲೇ ಓಡಾಡಲು ಶುರುಮಾಡಿ ನನಗೆ ಇಪ್ಪತ್ತೆರಡು ವರ್ಷ ಆಯಿತು. ನಾನು ಮೆಕ್ಯಾನಿಕ್ ಅಲ್ಲ. ಆದರೆ ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪ, ಈ ನಾಲ್ಕೂ ಘಟ್ಟದಲ್ಲಿ ನನ್ನ ಬೈಕ್ ಒಂದಲ್ಲ ಒಂದು ಸಲ ಕೈಕೊಟ್ಟಿದೆ. ಹೊಸದಾಗಿ ಬೈಕ್ ತಗೊಂಡ ಹುಡುಗರು, ಕೆಲಸಕ್ಕೆಂದು ದಿನಾ ಘಟ್ಟ ಹತ್ತಿಳಿಯುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಉತ್ತರ ಒಂದೇ ಕಡೆ ಬರೆದಿಡೋಣ ಅನಿಸಿತು. ಬಯಲು ಸೀಮೆಯಲ್ಲಿ ಬೈಕ್ ಕೆಟ್ಟರೆ ಎರಡು ಕಿಲೋಮೀಟರ್ ತಳ್ಳಿದರೆ ಗ್ಯಾರೇಜ್ ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಮಳೆ, ತಿರುವು, ಕಾಡು, ನೆಟ್‌ವರ್ಕ್ ಇಲ್ಲದ ಫೋನು, ಎಲ್ಲ ಒಟ್ಟಿಗೇ ಎದುರಾಗುತ್ತವೆ.

ಓಡುತ್ತಿದ್ದ ಬೈಕ್ ದಾರಿ ನಡುವೆ ನಿಂತುಬಿಟ್ಟಿತು. ಮೊದಲು ಏನು ಮಾಡಬೇಕು?

ಬೈಕ್ ಯಾಕೆ ನಿಂತಿತು ಅಂತ ಆಮೇಲೆ ನೋಡಿದರಾಯಿತು. ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ. ಎಂಜಿನ್ ಬಂದ್ ಆದರೂ ಬೈಕಿಗೆ ಸ್ವಲ್ಪ ಓಟ ಉಳಿದಿರುತ್ತದೆ. ಕ್ಲಚ್ ಹಿಡಿದು, ಎಡ ಇಂಡಿಕೇಟರ್ ಹಾಕಿ, ಆ ಓಟದಲ್ಲೇ ಅಂಚಿಗೆ ತನ್ನಿ.

ತಿರುವಿನಲ್ಲಿ ನಿಲ್ಲಿಸಲೇಬೇಡಿ. ಅರಬೈಲ್ ಘಟ್ಟದಲ್ಲಿ ಹುಬ್ಬಳ್ಳಿ ಕಡೆಯ ಲಾರಿಗಳು ಹಗಲು ರಾತ್ರಿ ಓಡುತ್ತವೆ. ತಿರುವಿನ ಆಚೆ ನೀವು ಇದ್ದೀರಿ ಅಂತ ಲಾರಿಯವನಿಗೆ ಗೊತ್ತಾಗುವ ಹೊತ್ತಿಗೆ ಅವನಿಗೆ ಬ್ರೇಕ್ ಹಾಕಲು ಜಾಗ ಉಳಿದಿರುವುದಿಲ್ಲ. ಐವತ್ತು ಹೆಜ್ಜೆ ತಳ್ಳಬೇಕಾದರೂ ಪರವಾಗಿಲ್ಲ, ಎರಡೂ ಕಡೆಯಿಂದ ಕಾಣುವ ನೇರ ಜಾಗಕ್ಕೆ ಹೋಗಿ. ಕಾರವಾರ ಮತ್ತು ಬಿಣಗಾ ನಡುವಿನ ಸುರಂಗದ ಒಳಗೆ ನಿಂತರೆ ಅಲ್ಲಿ ಪ್ಲಗ್ (ಎಂಜಿನ್ ಒಳಗೆ ಕಿಡಿ ಹಾರಿಸುವ ಭಾಗ) ಬಿಚ್ಚುತ್ತ ಕೂರಬೇಡಿ. ಗೋಡೆ ಬದಿಯಲ್ಲೇ ತಳ್ಳಿಕೊಂಡು ಹೊರಗೆ ಬನ್ನಿ.

ಮಳೆಗಾಲದಲ್ಲಿ ಇನ್ನೊಂದು ಮಾತು. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ, ಕಡಿದ ಮಣ್ಣಿನ ಬುಡಕ್ಕೆ ಆತು ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನ, ಮನುಷ್ಯರು ಎಲ್ಲ ಆ ಮಣ್ಣಿಗೆ ಸಿಕ್ಕರು. ಅವರು ನಿಂತದ್ದು ನಾವು ನೀವು ದಿನಾ ನಿಲ್ಲುವಂಥ ಜಾಗದಲ್ಲೇ. ಕೆಸರು ನೀರು ಒಮ್ಮೆಲೇ ಜಾಸ್ತಿ ಇಳಿಯುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ವಾಲಿದಂತೆ ಕಂಡರೆ ಬೈಕ್ ಅಲ್ಲೇ ಬಿಟ್ಟು ನೀವು ದೂರ ಹೋಗಿ.

ಹಿಂದಿನಿಂದ ಬರುವವರಿಗೆ ನಾವಿರುವುದು ಗೊತ್ತಾಗುವುದು ಹೇಗೆ?

ನಮ್ಮ ಕಡೆ ಹಳೆಯ ಪದ್ಧತಿ ಒಂದಿದೆ. ಹಸಿರು ಸೊಪ್ಪಿನ ಕೊಂಬೆ ಮುರಿದು ಬೈಕಿನ ಹಿಂದೆ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ರಸ್ತೆಯ ಅಂಚಿಗೆ ಇಡುವುದು. ಲಾರಿಯವರಿಗೆಲ್ಲ ಇದರ ಅರ್ಥ ಗೊತ್ತು. ತಿರುವು ಹತ್ತಿರ ಇದ್ದರೆ ತಿರುವಿಗಿಂತ ಮೊದಲೇ ಇಡಿ. ಕಲ್ಲು ಮಾತ್ರ ಇಡಬೇಡಿ. ಕಲ್ಲಿಟ್ಟವರು ಬೈಕ್ ಸರಿಯಾದ ಕೂಡಲೇ ಹೊರಟುಬಿಡುತ್ತಾರೆ, ರಾತ್ರಿ ಬರುವ ಇನ್ನೊಬ್ಬ ಬೈಕಿನವನು ಅದಕ್ಕೆ ಹತ್ತಿಸಿ ಬೀಳುತ್ತಾನೆ. ಹೊರಡುವಾಗ ಸೊಪ್ಪನ್ನೂ ತೆಗೆದುಹಾಕಿ.

ಕತ್ತಲಾಗಿದ್ದರೆ ಕೀ ಆನ್ ಇಟ್ಟು ಹಿಂದಿನ ಲೈಟ್ ಅಥವಾ ಇಂಡಿಕೇಟರ್ ಉರಿಯಲಿ. ಬ್ಯಾಟರಿ ಸೋತಿದ್ದರೆ ಮೊಬೈಲ್ ಟಾರ್ಚ್. ಹೆಲ್ಮೆಟ್ ತಲೆಯ ಮೇಲೇ ಇರಲಿ. ಬೈಕಿಗೂ ರಸ್ತೆಗೂ ನಡುವೆ ಕುಕ್ಕರುಗಾಲಲ್ಲಿ ಕೂತು ರಿಪೇರಿ ಮಾಡಬೇಡಿ, ಬೈಕಿನ ಆಚೆ ಬದಿಗೆ ಕೂರಿ.

ಬೈಕ್ ಸ್ಟಾರ್ಟ್ ಆಗ್ತಿಲ್ಲ. ಎಲ್ಲಿಂದ ನೋಡಲು ಶುರು ಮಾಡಬೇಕು?

ಕೈಗೆ ಸಿಗುವುದರಿಂದ. ಬಲಗೈ ಹತ್ತಿರದ ಕೆಂಪು ಬಟನ್, ಅಂದರೆ ಎಂಜಿನ್ ಬಂದ್ ಮಾಡುವ ಸ್ವಿಚ್, ನೋಡಿ. ರೈನ್‌ಕೋಟಿನ ತೋಳು ತಾಗಿ ಅದು ಆಫ್ ಆಗಿರುವುದು ತುಂಬ ಸಲ ಆಗುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡ್. ಈಗಿನ ಬೈಕುಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ಬಂದ್ ಆಗುತ್ತದೆ. ಕೆಸರು ಮೆತ್ತಿ ಆ ಸ್ಟ್ಯಾಂಡ್ ಪೂರ್ತಿ ಮೇಲೆ ಹೋಗದೆ ಇದ್ದರೂ ಅದೇ ಕಥೆ. ನೀರು ಹಾಕಿ ತೊಳೆದು, ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ.

ನಂತರ ಪೆಟ್ರೋಲ್. ಮೀಟರ್ ನಂಬಬೇಡಿ. ಟ್ಯಾಂಕ್ ಮುಚ್ಚಳ ತೆಗೆದು, ಬೈಕ್ ಅಲುಗಾಡಿಸಿ, ಕಣ್ಣಿಂದ ನೋಡಿ. ಹಳೆ ಬೈಕ್ ಆದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿ. ಮುಚ್ಚಳ ತೆಗೆದಾಗ ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಆಗ ಪೆಟ್ರೋಲ್ ಇದ್ದರೂ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ಸಡಿಲ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ.

ಕೀ ಹಾಕಿದರೂ ಲೈಟೇ ಬರುತ್ತಿಲ್ಲ ಅಂದರೆ ಬ್ಯಾಟರಿ ವಾಯರ್ ಅಥವಾ ಫ್ಯೂಸ್. ನಮ್ಮ ರಸ್ತೆಗಳ ಗುಂಡಿಗೆ ಬ್ಯಾಟರಿ ಸ್ಕ್ರೂ ಸಡಿಲವಾಗುವುದು ಸಾಮಾನ್ಯ. ಬಿಗಿ ಮಾಡಿ. ಫ್ಯೂಸ್ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಒಂದು ಸ್ಪೇರ್ ಫ್ಯೂಸ್ ಇಟ್ಟಿರುತ್ತಾರೆ. ಅದನ್ನು ಹಾಕಿ. ಅದೂ ಸುಟ್ಟರೆ ಎಲ್ಲೋ ವಾಯರ್ ಉಜ್ಜಿ ಶಾರ್ಟ್ ಆಗುತ್ತಿದೆ. ಸಿಗರೇಟಿನ ಬೆಳ್ಳಿ ಹಾಳೆ ಸುತ್ತಿ ಓಡಿಸುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಫ್ಯೂಸ್ ಬದಲು ವಾಯರೇ ಬಿಸಿಯಾಗುತ್ತದೆ, ಅದರ ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ.

ಪೆಟ್ರೋಲ್ ಇದೆ, ಸೆಲ್ಫ್ ತಿರುಗುತ್ತಿದೆ, ಆದರೂ ಹಿಡಿಯುತ್ತಿಲ್ಲ?

ಪ್ಲಗ್ ಬಿಚ್ಚಿ. ಎಂಜಿನ್ ಕೊಂಚ ತಣ್ಣಗಾಗಲಿ, ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆಯಿರಿ. ಇಲ್ಲದಿದ್ದರೆ ಆ ಮಣ್ಣು ನೇರ ಎಂಜಿನ್ ಒಳಗೆ ಬೀಳುತ್ತದೆ. ಪ್ಲಗ್ ತುದಿ ತಿಳಿ ಕಂದು ಬಣ್ಣ ಇದ್ದರೆ ಚೆನ್ನಾಗಿದೆ. ಒದ್ದೆ ಇದ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಒರೆಸಿ, ಚೋಕ್ ತೆಗೆದು, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಕಪ್ಪು ಮಸಿ ಕಟ್ಟಿದ್ದರೆ ಉಜ್ಜು ಕಾಗದದಲ್ಲಿ ಉಜ್ಜಿ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಹೊಸ ಪ್ಲಗ್ ಒಂದು ಸೀಟಿನ ಕೆಳಗೆ ಇದ್ದರೆ ಈ ಯೋಚನೆ ಎಲ್ಲ ಬೇಡ. ಹಾಕಿ ನೋಡಿ ಅಷ್ಟೆ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದ ಮೇಲೇ ಪಾನಾ ಹಾಕಿ, ಅಡ್ಡ ಕೂತರೆ ಎಂಜಿನ್ನಿನ ಹಲ್ಲು ಹಾಳಾಗುತ್ತದೆ.

ಜೋರು ಮಳೆಯಲ್ಲಿ ಬೈಕ್ ಕೆಮ್ಮುತ್ತ ಕೆಮ್ಮುತ್ತ ನಿಲ್ಲುತ್ತದೆ. ಯಾಕೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹತ್ತರಲ್ಲಿ ಏಳು ಸಲ ಕಾರಣ ಪ್ಲಗ್ ಟೋಪಿ, ಅಂದರೆ ಪ್ಲಗ್ ತಲೆಗೆ ಸಿಕ್ಕಿಸುವ ವಾಯರಿನ ರಬ್ಬರ್ ಮುಚ್ಚಳ. ರಬ್ಬರ್ ಹಳತಾಗಿ ಬಿರುಕು ಬಿಟ್ಟಿರುತ್ತದೆ, ಮುಂದಿನ ಚಕ್ರ ಎರಚುವ ನೀರು ಅದರೊಳಗೆ ಹೋಗುತ್ತದೆ, ಕಿಡಿ ಪ್ಲಗ್‌ಗೆ ಹೋಗುವ ಬದಲು ನೀರಿನ ಮೂಲಕ ಎಂಜಿನ್ ಮೈಗೆ ಹಾರುತ್ತದೆ. ಕತ್ತಲಲ್ಲಿ ನೋಡಿದರೆ ಆ ನೀಲಿ ಕಿಡಿ ಕಣ್ಣಿಗೆ ಕಾಣುತ್ತದೆ. ಎಂಜಿನ್ ಬಂದ್ ಮಾಡಿ, ಟೋಪಿ ಎಳೆದು ತೆಗೆದು, ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿ. ಅದಕ್ಕೇ ನಾನು ಮಳೆಗಾಲದಲ್ಲಿ ಒಂದು ಹಳೆ ಬನಿಯನ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೀಟಿನ ಕೆಳಗೆ ಇಡುತ್ತೇನೆ. ಮೈಮೇಲಿನ ಬಟ್ಟೆ ಎಲ್ಲ ಒದ್ದೆಯಾಗಿರುವಾಗ ಆ ಒಂದು ಒಣ ತುಂಡಿಗೆ ಬಹಳ ಬೆಲೆ.

ಟೋಪಿಯಿಂದ ವಾಯರ್ ಕಿತ್ತು ಬಂದಿದ್ದರೆ, ಅಥವಾ ವಾಯರಿನ ತುದಿ ಹಸಿರು ಹಿಡಿದಿದ್ದರೆ, ತುದಿಯನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ಟೋಪಿಗೆ ತಿರುಗಿಸಿ ಹಾಕಿ. ಹೆಚ್ಚಿನ ಟೋಪಿಯೊಳಗೆ ಸ್ಕ್ರೂ ಇರುತ್ತದೆ.

ಇನ್ನೊಂದು ಕಾರಣ ಪೆಟ್ರೋಲಿನಲ್ಲಿ ನೀರು. ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿದ್ದರೆ ಹೊರಗೆ ನಿಲ್ಲಿಸಿದ ಬೈಕಿಗೆ ಒಂದೇ ರಾತ್ರಿಯ ಮಳೆ ಸಾಕು. ಈಗ ಪೆಟ್ರೋಲಿಗೆ ಎಥನಾಲ್ ಸೇರಿಸುತ್ತಾರೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ಅಡಿಗೆ ಕೂರುತ್ತದೆ. ಎಂಜಿನ್‌ಗೆ ಹೋಗುವ ಕೊಳವೆ ಇರುವುದೂ ಅಡಿಯಲ್ಲೇ ಅಲ್ವಾ? ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಬೈಕಿನಲ್ಲಿ ಅದರ ಕೆಳಗಿನ ಸಣ್ಣ ಸ್ಕ್ರೂ ಸಡಿಲಿಸಿ. ನೀರು ಮೊದಲು ಹೊರಗೆ ಬರುತ್ತದೆ. ಬಾಟಲಿ ಮುಚ್ಚಳದಲ್ಲಿ ಹಿಡಿದರೆ ನೀರಿನ ಗುಳ್ಳೆ ಕೆಳಗೆ ನಿಂತದ್ದು ಕಾಣುತ್ತದೆ. ಬರೀ ಪೆಟ್ರೋಲ್ ಬರುವ ತನಕ ಬಿಡಿ. ಎಂಜಿನ್ ಆರಿರಲಿ, ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ.

ರಸ್ತೆ ಮೇಲೆ ಹರಿಯುವ ನೀರಿನಲ್ಲಿ ಬೈಕ್ ಬಂದ್ ಆಯಿತು. ಸೆಲ್ಫ್ ಹೊಡೆಯಲೇ?

ಬೇಡ. ಒಂದೇ ಒಂದು ಸಲವೂ ಬೇಡ. ನೀರು ಸಿಲಿಂಡರ್ ಒಳಗೆ ಹೋಗಿದ್ದರೆ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ. ಬಲವಂತ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ತಳ್ಳಿಕೊಂಡು ಮೇಲೆ ಬನ್ನಿ. ಪ್ಲಗ್ ಬಿಚ್ಚಿ ಮೆಲ್ಲಗೆ ಕಿಕ್ ಹೊಡೆಯಿರಿ, ನೀರಿದ್ದರೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ. ಆಯಿಲ್ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಆಯಿಲ್‌ಗೆ ನೀರು ಸೇರಿದೆ. ಅದನ್ನು ಬದಲಿಸದೆ ಓಡಿಸಬೇಡಿ. ಏರ್ ಫಿಲ್ಟರ್ ಕೂಡ ಒಣಗಬೇಕು.

ನೀರಿನ ಆಳ ಗೊತ್ತಿಲ್ಲದಿದ್ದರೆ ಇಳಿಯುವುದೇ ಬೇಡ. ನಮ್ಮ ಹಳ್ಳ ಅರ್ಧ ಗಂಟೆಯಲ್ಲಿ ಏರುತ್ತದೆ, ಮಳೆ ಬಿಟ್ಟರೆ ಬೇಗ ಇಳಿಯುತ್ತದೆ. ಕಾಯುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ನನ್ನದು ಹೊಸ ಬೈಕ್, ಕಾರ್ಬೊರೇಟರ್ ಇಲ್ಲ. ರಸ್ತೆಯಲ್ಲಿ ನಾನೇನು ಮಾಡಬಹುದು?

2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ, ಅಂದರೆ ಸಣ್ಣ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುತ್ತದೆ. ಕೀ ಆನ್ ಮಾಡಿದಾಗ ಟ್ಯಾಂಕಿನ ಒಳಗಿಂದ ಎರಡು ಮೂರು ಸೆಕೆಂಡ್ ಝುಂಯ್ ಎನ್ನುವ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ಸದ್ದಿಲ್ಲ ಅಂದರೆ ಕೆಂಪು ಸ್ವಿಚ್, ಫ್ಯೂಸ್, ಬ್ಯಾಟರಿ, ಈ ಮೂರನ್ನು ನೋಡಿ. ಬ್ಯಾಟರಿ ಪೂರ್ತಿ ಸತ್ತರೆ ಈ ಬೈಕುಗಳು ತಳ್ಳಿದರೂ ಸ್ಟಾರ್ಟ್ ಆಗುವುದು ಕಷ್ಟ, ಪಂಪ್‌ಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಬೈಕ್ ಬಿದ್ದು ಎದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಹೆದರಬೇಡಿ. ಬಿದ್ದ ಕೂಡಲೇ ಎಂಜಿನ್ ಬಂದ್ ಮಾಡುವ ಸೆನ್ಸರ್ ಇರುತ್ತದೆ. ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ.

ಹಳದಿ ಎಂಜಿನ್ ಲೈಟ್ ಉರಿಯುತ್ತಿದ್ದರೂ ಬೈಕ್ ಓಡುತ್ತಿದ್ದರೆ ನಿಧಾನಕ್ಕೆ ಊರು ಸೇರಿಕೊಳ್ಳಿ. ಇದಕ್ಕಿಂತ ಮುಂದಿನದು ರಸ್ತೆ ಬದಿಯಲ್ಲಿ ಆಗುವ ಕೆಲಸ ಅಲ್ಲ.

ಪಂಕ್ಚರ್ ಆದರೆ ಓಡಿಸಿಕೊಂಡು ಹೋಗಬಹುದಾ?

ಟ್ಯೂಬ್ ಇರುವ ಟೈರ್ ಆದರೆ ಬೇಡ. ನೂರು ಮೀಟರ್‌ನಲ್ಲೇ ಟ್ಯೂಬ್ ಮಡಚಿ ಚಿಂದಿಯಾಗುತ್ತದೆ. ತಳ್ಳಲೇಬೇಕು ಅಂದರೆ ಎಂಜಿನ್ ಚಾಲೂ ಇಟ್ಟು ಒಂದನೇ ಗೇರಿನಲ್ಲಿ, ಕ್ಲಚ್ ಮೇಲೆ ಕೈ ಇಟ್ಟು, ಪಕ್ಕದಲ್ಲಿ ನಡೆದುಕೊಂಡು ಹೋಗಿ. ಅರ್ಧ ಶ್ರಮ ಉಳಿಯುತ್ತದೆ.

ಟ್ಯೂಬ್‌ಲೆಸ್ ಆದರೆ ಕಥೆ ಬೇರೆ. ಮೊಳೆ ಕಂಡ ಕೂಡಲೇ ಕೀಳಬೇಡಿ. ಗಾಳಿ ನಿಧಾನ ಹೋಗುತ್ತಿದ್ದರೆ ಆ ಮೊಳೆಯೇ ತೂತನ್ನು ಮುಚ್ಚಿಕೊಂಡಿರುತ್ತದೆ. ಗಾಳಿ ತುಂಬಿಕೊಂಡು ಮೆಲ್ಲಗೆ ಪಂಕ್ಚರ್ ಅಂಗಡಿ ತನಕ ಹೋಗಬಹುದು. ಹೆದ್ದಾರಿ 66ರಲ್ಲಿ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಎಲ್ಲಿದ್ದರೂ ಅಂಗಡಿ ಸಿಗುತ್ತದೆ. ಆದರೆ ಕತಗಾಲ ದಾಟಿ ದೇವಿಮನೆ ಹತ್ತಲು ಶುರು ಮಾಡಿದ ಮೇಲೆ, ಅಥವಾ ಕದ್ರಾ ಬಿಟ್ಟು ಅಣಶಿ ಕಡೆ ತಿರುಗಿದ ಮೇಲೆ ಆ ಭರವಸೆ ಬೇಡ. ಹಾಗಾಗಿ ಘಟ್ಟದ ಬುಡದಲ್ಲಿ ಒಮ್ಮೆ ನಿಂತು ಟೈರ್ ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ತೂತು ಮುಚ್ಚುವ ರಬ್ಬರ್ ಬತ್ತಿಯನ್ನು ನೀವೇ ಹಾಕುವುದಾದರೆ: ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಲ್ಲಿ ಎಳೆಯಿರಿ. ಅದೇ ಓರೆಯಲ್ಲಿ ಒರಟು ಸೂಜಿ ಹಾಕಿ ಏಳೆಂಟು ಸಲ ಆಡಿಸಿ ತೂತು ಚೊಕ್ಕ ಮಾಡಿ. ಬತ್ತಿಗೆ ಅಂಟು ಸವರಿ, ಸೂಜಿಗೆ ಪೋಣಿಸಿ, ಒಂದು ಸೆಂಟಿಮೀಟರ್ ಹೊರಗೆ ಉಳಿಯುವಷ್ಟು ಒಳಗೆ ತಳ್ಳಿ. ಸೂಜಿಯನ್ನು ತಿರುಗಿಸದೆ ಒಂದೇ ಎಳೆತಕ್ಕೆ ಹೊರಗೆ ತೆಗೆಯಿರಿ. ಗಾಳಿ ತುಂಬಿ, ಮೇಲೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಮನೆಯ ಅಂಗಳದಲ್ಲಿ ಹಳೆ ಟೈರ್ ಮೇಲೆ ಒಮ್ಮೆ ಮಾಡಿ ಕಲಿಯಿರಿ. ಮೊದಲ ಸಲ ಮಳೆಯಲ್ಲಿ ಕಲಿಯುವ ಕೆಲಸ ಅಲ್ಲ ಇದು. ಟೈರಿನ ಪಕ್ಕೆ ಹರಿದಿದ್ದರೆ ಬತ್ತಿ ನಿಲ್ಲುವುದಿಲ್ಲ.

ಕ್ಲಚ್ ವಾಯರ್ ತುಂಡಾದರೆ ಮನೆ ತಲುಪಲು ಆಗುತ್ತದೆಯೇ?

ರಸ್ತೆ ಖಾಲಿ ಇದ್ದು, ಬೈಕ್ ನಿಮಗೆ ಚೆನ್ನಾಗಿ ಪಳಗಿದ್ದರೆ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಬೈಕನ್ನು ಇಳಿಜಾರಿನ ಕಡೆಗೆ ತಿರುಗಿಸಿ, ಕಾಲಿನಿಂದ ಒದ್ದು ಓಟ ಕೊಡಿ, ಓಟ ಬಂದಾಗ ಒಂದನೇ ಗೇರ್ ಒತ್ತಿ. ಒಮ್ಮೆ ಜಗ್ಗುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿದಿರಿ. ಮೇಲಿನ ಗೇರಿಗೆ ಹೋಗಲು ಎಕ್ಸಲೇಟರ್ ಪಟ್ಟನೆ ಬಿಟ್ಟು ಅದೇ ಕ್ಷಣಕ್ಕೆ ಲಿವರ್ ಎತ್ತಿ. ನಿಲ್ಲುವ ಮೊದಲೇ ನ್ಯೂಟ್ರಲ್ ಮಾಡಿ. ಊರೊಳಗೆ, ಪೇಟೆ ದಿನ, ಶಿರಸಿಯ ಮಾರಿಕಾಂಬಾ ಜಾತ್ರೆಯ ಹೊತ್ತು, ಇಂಥ ಕಡೆ ಈ ಪ್ರಯೋಗ ಬೇಡ.

ಘಟ್ಟ ದಿನಾ ಹತ್ತುವವರಿಗೆ ನನ್ನ ಸಲಹೆ: ಹೊಸ ಕ್ಲಚ್ ವಾಯರ್ ಒಂದನ್ನು ಹಳೆಯದರ ಜೊತೆಗೇ ಎಳೆದು ಕಟ್ಟಿಸಿಡಿ. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚಬೇಕಿಲ್ಲ. ವಾಯರ್ ಒಮ್ಮೆಲೇ ತುಂಡಾಗುವುದಿಲ್ಲ, ಲಿವರ್ ಹತ್ತಿರ ಒಂದೊಂದೇ ಎಳೆ ಹರಿದು ಮುಳ್ಳಿನಂತೆ ನಿಂತಿರುತ್ತದೆ. ತಿಂಗಳಿಗೊಮ್ಮೆ ನೋಡಿ.

ಚೈನ್ ಕಳಚಿದರೆ?

ಹಿಂದಿನ ದೊಡ್ಡ ಹಲ್ಲುಗಾಲಿಯ ಮೇಲೆ ಚೈನಿನ ಒಂದು ತುದಿ ಕೂರಿಸಿ ಚಕ್ರ ಹಿಂದಕ್ಕೆ ತಿರುಗಿಸಿದರೆ ಹತ್ತಿಕೊಳ್ಳುತ್ತದೆ. ಎಂಜಿನ್ ಬಂದ್ ಇರಲಿ. ಚಾಲೂ ಇರುವ ಚೈನಿಗೆ ಬೆರಳು ಕೊಟ್ಟವರನ್ನು ಎಲ್ಲ ಗ್ಯಾರೇಜಿನವರೂ ನೋಡಿರುತ್ತಾರೆ. ಚೈನಿನ ಎರಡು ತುದಿ ಜೋಡಿಸುವ ಲಾಕ್ ಹಾರಿಹೋಗಿದ್ದರೆ ಸ್ಪೇರ್ ಲಾಕ್ ಹಾಕಿ, ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಘಟ್ಟ ಇಳಿಯುವಾಗ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತ ಬಂತು. ಯಾಕೆ? ಏನು ಮಾಡಲಿ?

ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇದನ್ನು ಬಿಡಿ ಅಂತ ಕೈ ಮುಗಿದು ಕೇಳುತ್ತೇನೆ. ಆಗ ಬೈಕಿನ ಪೂರ್ತಿ ಭಾರ ಬ್ರೇಕಿನ ಮೇಲೆ. ಉದ್ದಕ್ಕೂ ಒತ್ತಿ ಹಿಡಿದರೆ ಡ್ರಮ್ ಕಾದು ಬ್ರೇಕ್ ಲೈನರ್ ಹಿಡಿತ ಬಿಡುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಹಳೆಯ ಬ್ರೇಕ್ ಆಯಿಲ್‌ನ ತೇವ ಕುದಿದು ಗುಳ್ಳೆಯಾಗಿ ಲಿವರ್ ಮೆತ್ತಗಾಗುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಳಸಿ.

ಹಿಡಿತ ಕಡಿಮೆ ಅನಿಸಿದ ಕೂಡಲೇ ನಿಲ್ಲಿ, ಇಪ್ಪತ್ತು ನಿಮಿಷ ತಣಿಯಲಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗಬಹುದು. ಓಡುತ್ತಿರುವಾಗಲೇ ಬ್ರೇಕ್ ಪೂರ್ತಿ ಹೋದರೆ ಒಂದೊಂದೇ ಗೇರ್ ಕೆಳಗೆ ತನ್ನಿ, ಇನ್ನೊಂದು ಬ್ರೇಕ್ ಮೆಲ್ಲಗೆ ಹಿಡಿಯಿರಿ, ಕಣಿವೆ ಕಡೆ ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಇಳಿಸಿ.

ಹತ್ತುವಾಗ ಎಂಜಿನ್ ಕಾದು ಶಕ್ತಿ ಕಡಿಮೆಯಾದರೆ?

ನಿಲ್ಲಿಸಿ, ನೆರಳಿನಲ್ಲಿ ಅರ್ಧ ಗಂಟೆ ಬಿಡಿ, ಆಯಿಲ್ ಮಟ್ಟ ನೋಡಿ. ಎಂಜಿನ್ ಮೇಲೆ ನೀರು ಸುರಿಯಬೇಡಿ. ಇಬ್ಬರು ಕೂತು ಮೇಲೆ ಅಕ್ಕಿ ಚೀಲ ಇಟ್ಟಿದ್ದರೆ ಎತ್ತರದ ಗೇರಿನಲ್ಲಿ ಎಳೆಸದೆ ಒಂದು ಗೇರ್ ಕೆಳಗೆ ಇಟ್ಟು ಹತ್ತಿಸಿ.

ಫೋನಿಗೆ ನೆಟ್‌ವರ್ಕ್ ಇಲ್ಲ. ಯಾರನ್ನು ಕರೆಯಲಿ?

ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಅಲ್ಲಿ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ. ಗಾಯ ಆಗಿದ್ದರೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಹೆದ್ದಾರಿ ಸಹಾಯವಾಣಿ 1033. ಕರೆ ಸಿಕ್ಕ ಕೂಡಲೇ ಜಾಗ ಹೇಳಬೇಕು, ಅದಕ್ಕೆ ಹತ್ತಿರದ ಕಿಲೋಮೀಟರ್ ಕಲ್ಲು ನೋಡಿಟ್ಟುಕೊಳ್ಳಿ. "ಘಟ್ಟದಲ್ಲಿದ್ದೇನೆ" ಅಂದರೆ ಹುಡುಕುವವರಿಗೆ ಹತ್ತು ಕಿಲೋಮೀಟರ್ ಆಯಿತು. ಕಲ್ಲಿನ ಸಂಖ್ಯೆ ಹೇಳಿದರೆ ನೇರ ಬರುತ್ತಾರೆ.

ಏನೂ ಸಿಗದಿದ್ದರೆ ಬಸ್ ನಿಲ್ಲಿಸಿ. ಕಂಡಕ್ಟರ್ ಕೈಗೆ ಮನೆಯವರ ನಂಬರ್ ಬರೆದ ಚೀಟಿ ಕೊಟ್ಟರೆ ಸಿಗ್ನಲ್ ಬಂದ ಕಡೆ ಕರೆ ಮಾಡಿ ಹೇಳುತ್ತಾರೆ. ನನಗೆ ಎರಡು ಸಲ ಹಾಗೆ ಸಹಾಯ ಆಗಿದೆ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮನೆ ರಸ್ತೆಗೆ ಕಾಣುವುದಿಲ್ಲ, ತೋಟದ ಪಕ್ಕ ತಗ್ಗಿನಲ್ಲಿ ಇರುತ್ತದೆ. ರಸ್ತೆ ಬದಿಯಲ್ಲಿ ದಣಪೆ (ಅಡ್ಡ ಕೋಲಿನ ಬೇಲಿ ಬಾಗಿಲು) ಕಂಡರೆ ಕೆಳಗೆ ಮನೆ ಇದೆ. ದಣಪೆ ಹತ್ತಿರವೇ ನಿಂತು "ಹೋಯ್, ಯಾರಿದ್ದೀರಿ?" ಅಂತ ಕೂಗಿ. ನಾಯಿ ಇರುತ್ತದೆ, ಸೀದಾ ಅಂಗಳಕ್ಕೆ ಹೋಗಬೇಡಿ.

ಬೈಕ್ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಕದ್ದರೆ?

ಈ ಪ್ರಶ್ನೆಗೆ ನನ್ನ ಅನುಭವವನ್ನೇ ಹೇಳುತ್ತೇನೆ. ಹದಿಮೂರು ವರ್ಷದ ಹಿಂದೆ, ಜುಲೈ ತಿಂಗಳು. ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದ ನಡುವೆ ಸಂಜೆ ಐದಕ್ಕೆ ಬೈಕ್ ನಿಂತಿತು. ಹೊಸ ಬೈಕ್, ಸಾಲ ಇನ್ನೂ ತೀರಿರಲಿಲ್ಲ. ಪ್ಲಗ್ ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಆರು ಗಂಟೆಗೆ ಶಿರಸಿ ಬಸ್ ಬಂತು. ಚಾಲಕರು ತಾವೇ ನಿಲ್ಲಿಸಿ "ಬನ್ನಿ, ಬೆಳಿಗ್ಗೆ ಬಂದು ತಗೊಂಡು ಹೋಗಿ" ಅಂದರು. "ಇಲ್ಲ, ಈಗ ಸರಿಯಾಗುತ್ತೆ" ಅಂದೆ. ಏಳಕ್ಕೆ ಕತ್ತಲಾಯಿತು. ಮೇಲೆ ಎಲ್ಲೋ ಮರ ಬಿದ್ದು ರಸ್ತೆ ಬಂದ್. ಒಂದು ಗಾಡಿಯೂ ಇಲ್ಲ. ಮಳೆ ಎಷ್ಟಿತ್ತೆಂದರೆ ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಮರ ಕಡಿದ ಮೇಲೆ ಕೆಳಗಿನಿಂದ ಬಂದ ಪಿಕಪ್‌ನವರು ಹತ್ತಿಸಿಕೊಂಡರು. ಮನೆಯಲ್ಲಿ ಅಮ್ಮ ಬಾಗಿಲು ತೆರೆದಿಟ್ಟು ಕೂತಿದ್ದರು. ನನ್ನನ್ನು ನೋಡಿ ಒಂದು ಮಾತೂ ಆಡಲಿಲ್ಲ, ಕಷಾಯ ಕಾಯಿಸಿ ತಂದರು. ಬಿರುಕು ಬಿಟ್ಟ ಪ್ಲಗ್ ಟೋಪಿಯೇ ಕಾರಣ ಅಂತ ಮರುದಿನ ಗೊತ್ತಾಯಿತು.

ಅಂದಿನಿಂದ ನನ್ನ ಲೆಕ್ಕ ಇಷ್ಟು. ನಿಂತ ಹೊತ್ತಿನಿಂದ ನಲವತ್ತೈದು ನಿಮಿಷ ಪ್ರಯತ್ನ. ಅಥವಾ ಕತ್ತಲಾಗಲು ಒಂದು ಗಂಟೆ ಉಳಿದಿರುವ ತನಕ. ಯಾವುದು ಮೊದಲೋ ಅದು. ಆಮೇಲೆ ಬರುವ ಮೊದಲ ಬಸ್ ಹತ್ತುವುದು. ಹ್ಯಾಂಡಲ್ ಲಾಕ್ ಮಾಡಿ, ಪೆಟ್ರೋಲ್ ನಲ್ಲಿಯನ್ನು ಬಂದ್ ಮಾಡಿ, ಆರ್‌ಸಿ ಮತ್ತು ವಿಮೆ ಕಾಗದ ಜೇಬಿಗೆ ಹಾಕಿ, ಬೈಕ್ ಮತ್ತು ಜಾಗದ ಫೋಟೊ ತೆಗೆದುಕೊಳ್ಳಿ. ಹತ್ತಿರ ಮನೆ, ಅಂಗಡಿ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದ್ದರೆ ಅಲ್ಲಿ ತನಕ ತಳ್ಳಿ, ಹೇಳಿ ಹೋಗಿ. ನಾನು ಆಮೇಲೆ ನಾಲ್ಕು ಸಲ ಹೀಗೆ ಬಿಟ್ಟು ಬಂದಿದ್ದೇನೆ. ನಾಲ್ಕೂ ಸಲ ಬೈಕ್ ಇಟ್ಟಲ್ಲೇ ಇತ್ತು. ಒಂದು ಸಲ ಯಾರೋ ಸೀಟಿನ ಮೇಲೆ ಅಡಿಕೆ ಹಾಳೆ ಮುಚ್ಚಿ ಹೋಗಿದ್ದರು, ಮಳೆಗೆ ನೆನೆಯದಿರಲಿ ಅಂತ. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಬೈಕಿನವರು ಕಾಲು ಕೊಟ್ಟು ತಳ್ಳಿದರೆ, ಹಗ್ಗ ಕಟ್ಟಿ ಎಳೆದರೆ?

ಹಗ್ಗ ಬೇಡವೇ ಬೇಡ, ಎಳೆತಕ್ಕೆ ಹ್ಯಾಂಡಲ್ ತಿರುಗಿ ಇಬ್ಬರೂ ಬೀಳುತ್ತೀರಿ. ಕಾಲು ಕೊಟ್ಟು ತಳ್ಳುವುದು ಘಟ್ಟದ ತಿರುವಿನಲ್ಲಿ ಅಪಾಯ. ಪಿಕಪ್ ಅಥವಾ ಸಣ್ಣ ಟೆಂಪೊ ಕರೆಸಿ. ಮುಂದಿನ ಚಕ್ರ ಕ್ಯಾಬಿನ್‌ಗೆ ತಾಗಿಸಿ, ನಡುವೆ ಗೋಣಿಚೀಲ ಇಟ್ಟು, ಒಂದನೇ ಗೇರ್ ಹಾಕಿ, ಮುಂದಿನ ಶಾಕ್ ಸ್ವಲ್ಪ ತಗ್ಗುವಷ್ಟು ಎರಡೂ ಬದಿಗೆ ಬಿಗಿದು ಕಟ್ಟಿ. ವಿಮೆಯಲ್ಲಿ ರಸ್ತೆ ಸಹಾಯದ ಸೌಲಭ್ಯ ಸೇರಿಸಿಕೊಂಡಿದ್ದರೆ ಗಾಡಿ ಸಾಗಿಸುವ ಖರ್ಚು ಅದರಲ್ಲೇ ಬರಬಹುದು. ಪಾಲಿಸಿ ಓದಿ, ನಂಬರನ್ನು ಫೋನಿನಲ್ಲೂ ಕಾಗದದಲ್ಲೂ ಬರೆದಿಡಿ.

ನಾನು ಸ್ಕೂಟಿಯಲ್ಲಿ ಒಬ್ಬಳೇ ಓಡಾಡುತ್ತೇನೆ. ಕಾಡು ದಾರಿಯಲ್ಲಿ ನಿಂತರೆ?

ಹೊರಡುವಾಗಲೇ ಮನೆಗೆ ಫೋನ್ ಮಾಡಿ "ಇಷ್ಟು ಹೊತ್ತಿಗೆ ತಲುಪುತ್ತೇನೆ, ಇಲ್ಲದಿದ್ದರೆ ಹುಡುಕಿ" ಅಂತ ಹೇಳಿ. ನೆಟ್‌ವರ್ಕ್ ಹೋಗುವ ಮೊದಲೇ ಲೊಕೇಶನ್ ಕಳಿಸಿ. ನಿಂತಾಗ ಒಬ್ಬಂಟಿ ಸವಾರನ ಸಹಾಯಕ್ಕಿಂತ ಬಸ್, ಅಥವಾ ಹೆಂಗಸರು ಮಕ್ಕಳು ಇರುವ ಗಾಡಿಗೆ ಕೈ ಮಾಡಿ. ಶಿರಸಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯೂ ಹೀಗೇ ಮಾಡುತ್ತಾಳೆ. ಅವಳ ಮಾತೇ ಹೇಳುವುದಾದರೆ, "ಗಾಡಿ ಸರಿ ಮಾಡಲು ನೋಡೋದೇ ಇಲ್ಲ ಅಣ್ಣಾ, ಮೊದಲು ಬಸ್ ಹತ್ತುತ್ತೇನೆ." ಹಗಲಾದರೂ ರಾತ್ರಿಯಾದರೂ ಹೆದರಿಕೆ ಅನಿಸಿದರೆ 112ಕ್ಕೆ ಕರೆ ಮಾಡಲು ಸಂಕೋಚ ಬೇಡ.

ಕಾಡಿನಲ್ಲಿ ಕಾಯುವಾಗ ಏನು ಜಾಗ್ರತೆ?

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಸುಮ್ನೆ ಕೀಳಬೇಡಿ, ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಸಿದ್ದಾಪುರ ಕಡೆ, ಒಣಗಿದ ಎಲೆಗಳ ಮೇಲೆ ಕೂರಬೇಡಿ. ಮಂಗನ ಕಾಯಿಲೆ ಹರಡುವ ಉಣುಗು ಅಲ್ಲೇ ಇರುವುದು. ಅಣಶಿ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗುತ್ತದೆ, ಸಂಜೆ ಮೇಲೆ ಕಾಡುಕೋಣ ರಸ್ತೆಗೆ ಬರುತ್ತದೆ. ಹಾರ್ನ್ ಹೊಡೆದು ಓಡಿಸಲು ಹೋಗಬೇಡಿ. ಬೈಕಿನಿಂದ ದೂರ ಕಾಡೊಳಗೂ ಹೋಗಬೇಡಿ.

ಬೈಕಿನಲ್ಲಿ ಏನೇನು ಇಟ್ಟುಕೊಳ್ಳಬೇಕು?

ಕಂಪನಿ ಕೊಟ್ಟ ಪಾನಾಗಳು, ಪ್ಲಗ್ ಪಾನಾ, ಇಕ್ಕಳ, ಹೊಸ ಪ್ಲಗ್, ಎರಡು ಫ್ಯೂಸ್, ಚೈನ್ ಲಾಕ್, ಒಣ ಬಟ್ಟೆ, ಟೇಪು, ತೆಳು ಕಬ್ಬಿಣದ ತಂತಿ, ಟ್ಯೂಬ್‌ಲೆಸ್ ಆದರೆ ಬತ್ತಿ ಮತ್ತು ಸಣ್ಣ ಪಂಪು. ಒಂದು ಟಾರ್ಚ್, ಒಂದು ಬಾಟಲಿ ನೀರು, ಉಪ್ಪಿನ ಪೊಟ್ಟಣ. ಇಷ್ಟೂ ಸಣ್ಣ ಕೈಚೀಲದಲ್ಲಿ ಹಿಡಿಯುತ್ತದೆ.

ಕಾರವಾರದಲ್ಲಿ ಬೈಕ್ ಬೇಗ ಹಾಳಾಗುತ್ತದೆ ಅನ್ನುತ್ತಾರೆ. ನಿಜವೇ?

ನಿಜ. ಕಡಲ ಗಾಳಿಯ ಉಪ್ಪು ಚೈನ್, ಚಕ್ರದ ಕಡ್ಡಿ, ವಾಯರ್ ಜೋಡಣೆ, ಬ್ಯಾಟರಿ ತುದಿ, ಎಲ್ಲವನ್ನೂ ತಿನ್ನುತ್ತದೆ. ಘಟ್ಟದ ಮೇಲೆ ಒಂದು ವರ್ಷಕ್ಕೆ ಬರುವ ತುಕ್ಕು ಅಲ್ಲಿ ಮೂರು ತಿಂಗಳಿಗೆ ಬಂದದ್ದನ್ನು ನಾನು ನೋಡಿದ್ದೇನೆ. ಸಮುದ್ರದ ದಂಡೆಗೆ ಹೋಗಿ ಬಂದ ದಿನವೇ ಸಿಹಿ ನೀರಿನಲ್ಲಿ ತೊಳೆಯಿರಿ. ಚೈನಿಗೆ ಆಯಿಲ್, ಬ್ಯಾಟರಿ ತುದಿಗೆ ವ್ಯಾಸಲೀನ್. ಮಳೆಗಾಲದ ಮೊದಲು, ಮೇ ಕೊನೆಯಲ್ಲಿ ಒಮ್ಮೆ, ಪ್ಲಗ್ ಟೋಪಿ, ಟ್ಯಾಂಕ್ ಮುಚ್ಚಳದ ರಬ್ಬರ್, ಬ್ರೇಕ್ ಲೈನರ್, ಟೈರ್ ಈ ನಾಲ್ಕನ್ನು ನೋಡಿಸಿ.

ದಾರಿಯಲ್ಲಿ ಬೇರೆಯವರ ಬೈಕ್ ಕೆಟ್ಟು ನಿಂತಿದ್ದರೆ ನಿಲ್ಲಬೇಕಾ? ಪೊಲೀಸ್ ತೊಂದರೆ ಬರುವುದಿಲ್ಲವೇ?

ನಿಲ್ಲಿ. ಅಪಘಾತವೇ ಆಗಿದ್ದರೂ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 134ಎ ಕಲಂ ಸೇರಿಸಿ, ಒಳ್ಳೆ ಮನಸ್ಸಿನಿಂದ ನೆರವಾದವರನ್ನು ಹೊಣೆ ಮಾಡುವಂತಿಲ್ಲ ಎಂದು ಬರೆದಿದ್ದಾರೆ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ರಿಪೇರಿ ಬರದಿದ್ದರೂ ಪರವಾಗಿಲ್ಲ. ನಿಮ್ಮ ಬೈಕನ್ನು ಅವರ ಹಿಂದೆ ನಿಲ್ಲಿಸಿ ಲೈಟ್ ಹಾಕಿ. "ಪೆಟ್ರೋಲ್ ಇದೆಯಾ? ಮನೆಗೆ ಫೋನ್ ಮಾಡಬೇಕಾ?" ಅಂತ ಕೇಳಿ. ಮುಂದಿನ ಊರಿನಲ್ಲಿ ಗ್ಯಾರೇಜ್ ಇದ್ದರೆ ಅಲ್ಲಿ ನಿಂತು "ಇಂಥ ಕಿಲೋಮೀಟರ್ ಕಲ್ಲಿನ ಹತ್ತಿರ ಒಬ್ಬರು ನಿಂತಿದ್ದಾರೆ" ಅಂತ ಹೇಳಿ ಹೋಗಿ.